ಆಸ್ಪತ್ರೆಯೇ ಮನೆ ಬಾಗಿಲಿಗೆ ಬಂದಾಗ: ಸೆಲ್ಲಿ ಓಕ್ ಕಲಿಸುವ ಪಾಠ



ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್ ಸುತ್ತಮುತ್ತ ನೆಲೆಸಿರುವ ನಮಗೆಲ್ಲ ಎರಡು ಸದ್ದುಗಳ ಪರಿಚಯ ಚೆನ್ನಾಗಿಯೇ ಇದೆ. ಒಂದು, ಬ್ರಿಸ್ಟಲ್ ರೋಡಿನಲ್ಲಿ ಹಗಲಿರುಳೆನ್ನದೆ ಕೂಗಿಕೊಂಡು ಓಡುವ ಆಂಬುಲೆನ್ಸಿನ ಸೈರನ್. ಇನ್ನೊಂದು, ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಹೆಲಿಪ್ಯಾಡಿಗೆ ಇಳಿಯುವ ಹೆಲಿಕಾಪ್ಟರಿನದು. ಊರಿನಿಂದ ಬಂದ ಅಪ್ಪ-ಅಮ್ಮಂದಿರು ಮೊದಲ ವಾರ ಕಿಟಕಿಗೆ ಓಡಿ ಬಂದು ನೋಡುತ್ತಾರೆ. ಎರಡನೇ ವಾರಕ್ಕೆ ಅವರಿಗೂ ಅಭ್ಯಾಸವಾಗಿಬಿಡುತ್ತದೆ.

ಆದರೆ ಆ ಗಾಡಿಯ ಒಳಗೆ ಏನು ನಡೆಯುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಕನ್ನಡ ಕುಟುಂಬಗಳು ಊಟಕ್ಕೆ ಸೇರಿದಾಗ ಕೇಳಿಬರುವ ಒಂದು ಮಾತು ಹೀಗಿದೆ: "ಆಂಬುಲೆನ್ಸ್ ಬಂತು, ಸರಿ. ಆದರೆ ಅರ್ಧ ಗಂಟೆ ಮನೆ ಮುಂದೆಯೇ ನಿಂತಿತ್ತು! ಆಸ್ಪತ್ರೆ ಐದು ನಿಮಿಷದ ದಾರಿ. ಯಾಕೆ ಕರೆದುಕೊಂಡು ಹೋಗಲಿಲ್ಲ?" ಇನ್ನೊಂದು ಮಾತು: "ಪಕ್ಕದಲ್ಲೇ ಆಸ್ಪತ್ರೆ ಇತ್ತು. ಅದನ್ನು ಬಿಟ್ಟು ದೂರದ್ದಕ್ಕೆ ಯಾಕೆ ಹೋದರು?"

ಎರಡೂ ಸಹಜವಾದ ಪ್ರಶ್ನೆಗಳೇ. ನಾವು ಬೆಳೆದ ಊರುಗಳಲ್ಲಿ ಆಂಬುಲೆನ್ಸ್ ಎಂದರೆ ಒಂದು ಗಾಡಿ. ರೋಗಿಯನ್ನು ಮಲಗಿಸಿಕೊಂಡು ಆದಷ್ಟು ಬೇಗ ಆಸ್ಪತ್ರೆ ಮುಟ್ಟಿಸುವುದೇ ಅದರ ಕೆಲಸ. ಇಲ್ಲಿ ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಆ ಅರ್ಥವೇ ಬದಲಾಗಿದೆ. ಈಗ ಆಸ್ಪತ್ರೆಯ ಚಿಕಿತ್ಸೆ ಮನೆಯ ಹಜಾರದಲ್ಲೇ, ರಸ್ತೆಯ ಬದಿಯಲ್ಲೇ ಶುರುವಾಗುತ್ತದೆ. ಇದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಈ ನೈಪುಣ್ಯದ ಫಲ ಸಿಗುವುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಅವರು ಬರುವುದಕ್ಕೆ ಮುಂಚಿನ ನಿಮಿಷಗಳಲ್ಲಿ ಪಕ್ಕದಲ್ಲಿದ್ದವರು ಏನು ಮಾಡಿದರು? ಅವರು ಹೋಗಿ ತಲುಪುವ ಆಸ್ಪತ್ರೆಯಲ್ಲಿ ಜಾಗ ಇದೆಯೇ? ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇದನ್ನೇ.

ಪ್ಯಾರಾಮೆಡಿಕ್ ಎಂದರೆ ಯಾರು?

ಮೊದಲು ಈ ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಕರ್ನಾಟಕದಲ್ಲಿ 'ಪ್ಯಾರಾಮೆಡಿಕಲ್ ಕೋರ್ಸ್' ಎಂದರೆ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಟೆಕ್ನಿಷಿಯನ್, ಆಪರೇಷನ್ ಥಿಯೇಟರಿನ ಸಹಾಯಕರು, ಹೀಗೆ ಹತ್ತಾರು ಉದ್ಯೋಗಗಳ ತರಬೇತಿ. ಬ್ರಿಟನ್ನಿನಲ್ಲಿ ಪ್ಯಾರಾಮೆಡಿಕ್ ಎಂದರೆ ಒಂದೇ ಅರ್ಥ. ಆಸ್ಪತ್ರೆಯ ಹೊರಗೆ ತುರ್ತು ಚಿಕಿತ್ಸೆ ಕೊಡಲು ತರಬೇತಿ ಪಡೆದು, ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು. ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದೆ ಹಾಗೆಂದು ಹೇಳಿಕೊಂಡರೆ ಅಪರಾಧ. ಹಿಂದೆ ಕೆಲಸ ಮಾಡುತ್ತಲೇ ಕಲಿಯುವ ಪದ್ಧತಿಯಿತ್ತು. 2021ರಿಂದ ಈ ವೃತ್ತಿಯ ತರಬೇತಿಯನ್ನು ಪದವಿಯ ಮಟ್ಟಕ್ಕೆ ಏರಿಸಲಾಗಿದೆ.

ಇವರಲ್ಲೇ ಕೆಲವು ವರ್ಷ ದುಡಿದು, ಸ್ನಾತಕೋತ್ತರ ಮಟ್ಟದ ವ್ಯಾಸಂಗ ಮಾಡಿ ಮೇಲಿನ ಹಂತಕ್ಕೆ ಹೋದವರು ಅಡ್ವಾನ್ಸ್ಡ್ ಪ್ಯಾರಾಮೆಡಿಕ್‌ಗಳು. ಅವರಲ್ಲಿ ಸ್ಥೂಲವಾಗಿ ಎರಡು ದಾರಿ. ಒಂದು ದಾರಿಯವರು ಬಿದ್ದ ವೃದ್ಧರನ್ನೋ ಉಸಿರಾಟದ ತೊಂದರೆ ಇರುವವರನ್ನೋ ಮನೆಯಲ್ಲೇ ಪರೀಕ್ಷಿಸಿ, ಸಾಧ್ಯವಾದರೆ ಅಲ್ಲೇ ಚಿಕಿತ್ಸೆ ಕೊಟ್ಟು ಆಸ್ಪತ್ರೆಯ ಅಲೆದಾಟ ತಪ್ಪಿಸುವವರು. 2018ರ ಕಾನೂನು ತಿದ್ದುಪಡಿಯ ನಂತರ ತಕ್ಕ ತರಬೇತಿ ಪಡೆದ ಇಂಥವರು ಸ್ವತಂತ್ರವಾಗಿ ಔಷಧಿ ಬರೆದುಕೊಡಲೂಬಹುದು. ಇನ್ನೊಂದು ದಾರಿಯವರೇ ಕ್ರಿಟಿಕಲ್ ಕೇರ್ ಪ್ಯಾರಾಮೆಡಿಕ್‌ಗಳು, ಅಂದರೆ ಜೀವ ಹೋಗುವ ಅಂಚಿನಲ್ಲಿರುವ ರೋಗಿಯ ಬಳಿಗೇ ತೀವ್ರ ನಿಗಾ ಘಟಕವನ್ನು ಹೊತ್ತು ತರುವವರು.

ನಮ್ಮ ಭಾಗದಲ್ಲಿ ಮಾಮೂಲಿ ಆಂಬುಲೆನ್ಸುಗಳನ್ನು ನಡೆಸುವುದು ವೆಸ್ಟ್ ಮಿಡ್‌ಲ್ಯಾಂಡ್ಸ್ ಆಂಬುಲೆನ್ಸ್ ಸೇವೆ. ಅತಿ ಗಂಭೀರ ಪ್ರಕರಣಗಳಿಗೆ ಅದರ ಜೊತೆ ವೈದ್ಯರೂ ಕ್ರಿಟಿಕಲ್ ಕೇರ್ ಪ್ಯಾರಾಮೆಡಿಕ್‌ಗಳೂ ಇರುವ ವಿಶೇಷ ತಂಡಗಳು ಬರುತ್ತವೆ. ಆಕಾಶದಲ್ಲಿ ಬರುವವರು ಮಿಡ್‌ಲ್ಯಾಂಡ್ಸ್ ಏರ್ ಆಂಬುಲೆನ್ಸ್ ಚಾರಿಟಿಯವರು. ಇವರಲ್ಲಿ ಹೆಲಿಕಾಪ್ಟರ್ ಮಾತ್ರವಲ್ಲ, ಕ್ರಿಟಿಕಲ್ ಕೇರ್ ಕಾರುಗಳೂ ಇವೆ. ನಗರದ ಗಲ್ಲಿಗಳಲ್ಲಿ ಹೆಲಿಕಾಪ್ಟರ್ ಇಳಿಸಲು ಜಾಗವೆಲ್ಲಿದೆ? ಅಲ್ಲಿ ಕಾರೇ ವಾಸಿ.

ಬೆಲ್‌ಫಾಸ್ಟಿನಿಂದ ಸೆಲ್ಲಿ ಓಕ್‌ವರೆಗೆ

ಆಸ್ಪತ್ರೆಯನ್ನು ರೋಗಿಯ ಬಳಿಗೆ ಒಯ್ಯುವ ಯೋಚನೆ ಹೊಸತಲ್ಲ. 1966ರಲ್ಲಿ ಬೆಲ್‌ಫಾಸ್ಟಿನ ಹೃದಯತಜ್ಞ ಫ್ರಾಂಕ್ ಪ್ಯಾಂಟ್ರಿಡ್ಜ್ ಅವರು ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನು, ಅಂದರೆ ಡಿಫಿಬ್ರಿಲೇಟರನ್ನು, ಆಂಬುಲೆನ್ಸಿನೊಳಗೆ ತಂದರು. ಕಾರಿನ ಬ್ಯಾಟರಿಗಳಿಂದ ನಡೆಯುತ್ತಿದ್ದ ಆ ಯಂತ್ರದ ತೂಕ ಸುಮಾರು 70 ಕಿಲೋ! ಇಂದು ಅದೇ ಕೆಲಸ ಮಾಡುವ ಪೆಟ್ಟಿಗೆ ಸೂಪರ್‌ಮಾರ್ಕೆಟಿನ ಗೋಡೆಯ ಮೇಲೆ ನೇತಾಡುತ್ತಿರುತ್ತದೆ. 1970ರ ದಶಕದ ಆರಂಭದಲ್ಲಿ ಬ್ರೈಟನ್ನಿನಲ್ಲಿ ಡಗ್ಲಸ್ ಚೇಂಬರ್ಲೇನ್ ಅವರು ವೈದ್ಯರಲ್ಲದ ಆಂಬುಲೆನ್ಸ್ ಸಿಬ್ಬಂದಿಗೇ ಈ ವಿದ್ಯೆಯನ್ನು ಕಲಿಸಿದರು. 1987ರಲ್ಲಿ ಕಾರ್ನ್‌ವಾಲ್‌ನಲ್ಲಿ ದೇಶದ ಮೊದಲ ಏರ್ ಆಂಬುಲೆನ್ಸ್ ಹಾರಿತು. ನಮ್ಮ ಮಿಡ್‌ಲ್ಯಾಂಡ್ಸಿನದು ಶುರುವಾದದ್ದು 1991ರಲ್ಲಿ.

ಈ ಕಥೆಯಲ್ಲಿ ಸೆಲ್ಲಿ ಓಕ್‌ಗೆ ಒಂದು ವಿಶೇಷ ಸ್ಥಾನವಿದೆ. ಈಗ ವಸತಿ ಬಡಾವಣೆಯಾಗಿರುವ ಹಳೆಯ ಸೆಲ್ಲಿ ಓಕ್ ಆಸ್ಪತ್ರೆಯ ಜಾಗ ಹತ್ತೊಂಬತ್ತನೇ ಶತಮಾನದಲ್ಲಿ ಬಡವರ ವರ್ಕ್‌ಹೌಸ್ ಆಗಿತ್ತು. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಇದೇ ಆಸ್ಪತ್ರೆಯ ಹೆಸರು ದಿನಾ ಸುದ್ದಿಯಲ್ಲಿರುತ್ತಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ವಿಮಾನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಕರೆತಂದು ಇಲ್ಲಿಯೇ ಚಿಕಿತ್ಸೆ ಕೊಡುತ್ತಿದ್ದರು. ಮೈನ್ ಸ್ಫೋಟದಲ್ಲಿ ಎರಡೂ ಕಾಲು ಕಳೆದುಕೊಂಡವರು, ಹಿಂದಿನ ಯಾವ ಯುದ್ಧದಲ್ಲಾದರೂ ಬದುಕಿ ಉಳಿಯುತ್ತಿರಲಿಲ್ಲ ಎನಿಸುವಂಥವರು, ಉಸಿರಾಡುತ್ತಲೇ ಸೆಲ್ಲಿ ಓಕ್ ತಲುಪುತ್ತಿದ್ದರು.

ಹೇಗೆ ಸಾಧ್ಯವಾಯಿತು? ಮೂರು ಮೆಟ್ಟಿಲುಗಳಿದ್ದವು. ಮೊದಲನೆಯದು ಪಕ್ಕದ ಸೈನಿಕ. ಪ್ರತಿಯೊಬ್ಬ ಸೈನಿಕನೂ ಟೂರ್ನಿಕೆಟ್, ಅಂದರೆ ಕೈಕಾಲಿನಿಂದ ಹರಿಯುವ ರಕ್ತವನ್ನು ನಿಲ್ಲಿಸಲು ಬಿಗಿದು ಕಟ್ಟುವ ಪಟ್ಟಿಯನ್ನು ಇಟ್ಟುಕೊಂಡು, ಅದನ್ನು ಕಟ್ಟುವುದನ್ನು ಕಲಿತಿರುತ್ತಿದ್ದ. ಎರಡನೆಯದು ಚಿನೂಕ್ ಹೆಲಿಕಾಪ್ಟರಿನಲ್ಲಿ ಬರುತ್ತಿದ್ದ ವೈದ್ಯ, ನರ್ಸ್ ಮತ್ತು ಪ್ಯಾರಾಮೆಡಿಕ್‌ಗಳ ತಂಡ. 2008ರಿಂದ ಅವರು ಹಾರಾಟದಲ್ಲಿಯೇ ರಕ್ತ ಕೊಡತೊಡಗಿದರು. ಮೂರನೆಯದು ಸಿದ್ಧವಾಗಿ ಕಾದಿರುತ್ತಿದ್ದ ಆಸ್ಪತ್ರೆ. ಈ ಮೂರರಲ್ಲಿ ಒಂದು ಕಳಚಿದ್ದರೂ ಉಳಿದೆರಡು ವ್ಯರ್ಥವಾಗುತ್ತಿದ್ದವು. ಈ ಮೂರು ಮೆಟ್ಟಿಲುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

2010ರ ಜೂನ್‌ನಲ್ಲಿ ಎಜ್‌ಬಾಸ್ಟನ್ನಿನ ಹೊಸ ಕ್ವೀನ್ ಎಲಿಜಬೆತ್ ಆಸ್ಪತ್ರೆ ತೆರೆದಾಗ ತುರ್ತು ವಿಭಾಗವೂ ಸೈನಿಕರ ಚಿಕಿತ್ಸೆಯೂ ಅಲ್ಲಿಗೆ ಸ್ಥಳಾಂತರವಾದವು. 2012ರಲ್ಲಿ ಇಂಗ್ಲೆಂಡಿನಾದ್ಯಂತ ದೊಡ್ಡ ಗಾಯಗಳಿಗೆಂದೇ ಮೇಜರ್ ಟ್ರಾಮಾ ಸೆಂಟರುಗಳ ಜಾಲ ರೂಪುಗೊಂಡಾಗ ಕ್ವೀನ್ ಎಲಿಜಬೆತ್ ಅದರಲ್ಲಿ ಒಂದಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಗುಂಡೇಟು ತಿಂದ ಬಾಲಕಿ ಮಲಾಲಾ ಯೂಸುಫ್‌ಜಾಯ್ ಅವರನ್ನು ವಿಮಾನದಲ್ಲಿ ಕರೆತಂದದ್ದೂ ಇಲ್ಲಿಗೇ. ಯುದ್ಧಭೂಮಿಯಲ್ಲಿ ಕಲಿತ ಪಾಠಗಳು ಹೀಗೆ ನಮ್ಮ ಬೀದಿಗಳಿಗೆ ಇಳಿದು ಬಂದವು.

ನಿಲ್ಲಬೇಕೋ, ಹೊರಡಬೇಕೋ?

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಆಂಬುಲೆನ್ಸ್ ಮನೆ ಮುಂದೆಯೇ ಯಾಕೆ ನಿಂತಿತ್ತು?

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿರುತ್ತದೆ. ರೋಗಿ ಮಾತಾಡುತ್ತಿರಬಹುದು, ನಡೆಯುತ್ತಲೂ ಇರಬಹುದು. ಹೃದಯ ಸ್ತಂಭನದಲ್ಲಿ ಹೃದಯದ ಬಡಿತವೇ ನಿಂತು ಮನುಷ್ಯ ಕುಸಿದುಬೀಳುತ್ತಾನೆ. ಸ್ತಂಭನವಾದವರ ಎದೆಯನ್ನು ಎಡೆಬಿಡದೆ ಒತ್ತುತ್ತಿರಬೇಕು, ವಿದ್ಯುತ್ ಆಘಾತ ಕೊಡಬೇಕು. ಓಡುವ ಗಾಡಿಯಲ್ಲಿ, ತಿರುವು ತಿರುವಿಗೂ ವಾಲುತ್ತ, ಇದನ್ನು ಸರಿಯಾಗಿ ಮಾಡಲಾಗದು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೊದಲು ಏನು ಮಾಡುತ್ತಾರೋ ಅದೇ ಸಾಮಾನು, ಅದೇ ಔಷಧಿ ಪ್ಯಾರಾಮೆಡಿಕ್‌ಗಳ ಕೈಯಲ್ಲೇ ಇರುತ್ತದೆ. ಆದ್ದರಿಂದ ಬಡಿತ ಮರಳುವವರೆಗೂ ಹಜಾರದಲ್ಲೇ ಕೆಲಸ ಮಾಡುವುದು ರೋಗಿಗೆ ಒಳ್ಳೆಯದು. ಅವರು ನಿಂತಿರುವುದು ಸೋಮಾರಿತನದಿಂದಲ್ಲ!

ಹೃದಯಾಘಾತದಲ್ಲಿ ಲೆಕ್ಕ ಬೇರೆ. ಮನೆಯಲ್ಲೇ ಇಸಿಜಿ ತೆಗೆದು, ನಾಳ ಪೂರ್ತಿ ಕಟ್ಟಿಕೊಂಡಿದೆ ಎಂದು ಕಂಡರೆ, ಹತ್ತಿರದ ಸಣ್ಣ ಆಸ್ಪತ್ರೆಯನ್ನು ದಾಟಿ ಆಂಜಿಯೋಪ್ಲಾಸ್ಟಿ ಮಾಡುವ ಕೇಂದ್ರಕ್ಕೇ ನೇರ ಒಯ್ಯುತ್ತಾರೆ. ಪಾರ್ಶ್ವವಾಯುವಿಗೂ ದೊಡ್ಡ ಅಪಘಾತಕ್ಕೂ ಇದೇ ತತ್ತ್ವ. ತಪ್ಪು ಆಸ್ಪತ್ರೆಗೆ ಬೇಗ ತಲುಪುವುದಕ್ಕಿಂತ ಸರಿಯಾದ ಆಸ್ಪತ್ರೆಗೆ ಸ್ವಲ್ಪ ತಡವಾಗಿ ತಲುಪುವುದು ಮೇಲು. ಇನ್ನು ಹೊಟ್ಟೆಯೊಳಗೆ, ಎದೆಯೊಳಗೆ ರಕ್ತ ಸುರಿಯುತ್ತಿದ್ದರೆ ಅದನ್ನು ನಿಲ್ಲಿಸಬಲ್ಲವನು ಶಸ್ತ್ರಚಿಕಿತ್ಸಕ ಮಾತ್ರ. ಅಂಥಲ್ಲಿ ಮಾಡಲೇಬೇಕಾದ್ದನ್ನಷ್ಟೇ ಮಾಡಿ ಓಡಬೇಕು.

ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು ಎಂಬ ಈ ತೀರ್ಮಾನವೇ ಹಿರಿಯ ಪ್ಯಾರಾಮೆಡಿಕ್‌ಗಳ ನಿಜವಾದ ವಿದ್ಯೆ. ಉಳಿದ ಕೈಚಳಕವೂ ಕಡಿಮೆಯೇನಲ್ಲ. ಶ್ವಾಸಕೋಶ ಕುಸಿದು ಗಾಳಿ ಎದೆಯಲ್ಲಿ ಸಿಕ್ಕಿಕೊಂಡರೆ ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ಬಿಡುಗಡೆ ಮಾಡುತ್ತಾರೆ. ಜಜ್ಜಿದ ಕಾಲನ್ನು ಕಾರಿನಡಿಯಿಂದ ಬಿಡಿಸುವಾಗ ಕೆಟಮಿನ್ ಕೊಟ್ಟು ನೋವು ಅಡಗಿಸುತ್ತಾರೆ. ಜೊತೆಯಲ್ಲಿ ವೈದ್ಯರಿದ್ದರೆ ರಸ್ತೆ ಬದಿಯಲ್ಲೇ ಪೂರ್ಣ ಅರಿವಳಿಕೆ ಕೊಟ್ಟು, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿ ಹೊರಡುತ್ತಾರೆ.

ಹೆಚ್ಚು ಮಾಡಿದರೆ ಹೆಚ್ಚು ಒಳಿತೇ?

ಇಷ್ಟು ಓದಿದ ಮೇಲೆ, ಔಷಧಿ ಯಂತ್ರ ರಕ್ತ ಎಲ್ಲವನ್ನೂ ಪ್ರತಿ ಆಂಬುಲೆನ್ಸಿನಲ್ಲೂ ತುಂಬಿಬಿಡಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿ ನಮ್ಮ ಮಿಡ್‌ಲ್ಯಾಂಡ್ಸಿನ ಸಂಶೋಧಕರು ದೊಡ್ಡ ಉಪಕಾರ ಮಾಡಿದ್ದಾರೆ. ಅನಿಸಿಕೆಯನ್ನು ನಂಬದೆ ಅಳೆದು ನೋಡಿದ್ದಾರೆ.

ವಾರ್ವಿಕ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ, ವೆಸ್ಟ್ ಮಿಡ್‌ಲ್ಯಾಂಡ್ಸ್ ಸೇರಿ ಐದು ಆಂಬುಲೆನ್ಸ್ ಸೇವೆಗಳಲ್ಲಿ, ಹೃದಯ ಸ್ತಂಭನವಾದ 8,014 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. ದಶಕಗಳಿಂದ ಎಲ್ಲೆಡೆ ಕೊಡುತ್ತಿದ್ದ ಅಡ್ರಿನಲಿನ್ ಚುಚ್ಚುಮದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದು ಪ್ರಶ್ನೆ. 2018ರಲ್ಲಿ ಉತ್ತರ ಬಂತು. ಚುಚ್ಚುಮದ್ದು ಪಡೆದವರಲ್ಲಿ 30 ದಿನ ಬದುಕಿದ್ದವರು ಶೇ. 3.2, ಪಡೆಯದವರಲ್ಲಿ ಶೇ. 2.4. ಬದುಕಿ ಮನೆಗೆ ಹೋದವರಲ್ಲಿ ಮೆದುಳಿಗೆ ತೀವ್ರ ಹಾನಿಯಾದವರು ಔಷಧಿ ಪಡೆದ ಗುಂಪಿನಲ್ಲಿಯೇ ಹೆಚ್ಚು. ಅದೇ ವರದಿಯಲ್ಲಿ ಒಂದು ಹೋಲಿಕೆಯೂ ಇತ್ತು. ಒಂದು ಹೆಚ್ಚುವರಿ ಜೀವ ಉಳಿಯಬೇಕಾದರೆ 112 ಜನರಿಗೆ ಅಡ್ರಿನಲಿನ್ ಕೊಡಬೇಕು. ಆದರೆ ಪಕ್ಕದಲ್ಲಿದ್ದವರು ಎದೆ ಒತ್ತಿದರೆ 15 ಜನರಲ್ಲಿ ಒಂದು ಜೀವ, ಬೇಗನೆ ವಿದ್ಯುತ್ ಆಘಾತ ಸಿಕ್ಕರೆ 5 ಜನರಲ್ಲಿ ಒಂದು ಜೀವ ಉಳಿಯುತ್ತದೆ!

ಇದಕ್ಕೂ ಮುಂಚೆ, 2015ರಲ್ಲಿ, ಇದೇ ವಾರ್ವಿಕ್‌ನವರು ಎದೆ ಒತ್ತುವ ಯಂತ್ರವನ್ನು 4,471 ಜನರಲ್ಲಿ ಪರೀಕ್ಷಿಸಿದ್ದರು. ಮನುಷ್ಯರ ಕೈಗಿಂತ ಯಂತ್ರದಿಂದ ಹೆಚ್ಚು ಜನ ಬದುಕಲಿಲ್ಲ. ಬರ್ಮಿಂಗ್‌ಹ್ಯಾಮಿನವರು ಮುನ್ನಡೆಸಿದ ಇನ್ನೊಂದು ಪರೀಕ್ಷೆ ರಕ್ತದ ಕುರಿತಾದದ್ದು. ತೀವ್ರ ರಕ್ತಸ್ರಾವವಾದ 432 ಗಾಯಾಳುಗಳಲ್ಲಿ ಕೆಲವರಿಗೆ ಆಸ್ಪತ್ರೆಗೆ ಮುಂಚೆಯೇ ಕೆಂಪು ರಕ್ತಕಣ ಮತ್ತು ಒಣಗಿಸಿದ ಪ್ಲಾಸ್ಮಾ, ಉಳಿದವರಿಗೆ ಸಾಮಾನ್ಯ ಸಲೈನ್ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಲ್ಲವೂ ದಂಡವೇ? ಖಂಡಿತ ಅಲ್ಲ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗದಂತೆ ಕಾಯುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧಿಯನ್ನು ಭಾರತವೂ ಸೇರಿ 40 ದೇಶಗಳ 20,211 ಗಾಯಾಳುಗಳಲ್ಲಿ ಪರೀಕ್ಷಿಸಿದಾಗ, ಬೇಗ ಕೊಟ್ಟರೆ ಜೀವ ಉಳಿಯುತ್ತದೆಂದು 2010ರಲ್ಲಿ ಸಾಬೀತಾಯಿತು. ಇಂದು ಅದು ಇಲ್ಲಿನ ಆಂಬುಲೆನ್ಸುಗಳಲ್ಲಿದೆ. ಒಟ್ಟಿನಲ್ಲಿ ತಿಳಿಯುವುದಿಷ್ಟು: ದುಬಾರಿಯಾದದ್ದೆಲ್ಲ ಜೀವ ಉಳಿಸುವುದಿಲ್ಲ, ಜೀವ ಉಳಿಸುವುದೆಲ್ಲ ದುಬಾರಿಯಲ್ಲ. ಮೊದಲ ಮೆಟ್ಟಿಲಿನ ಸಾಮಾನ್ಯ ಕೆಲಸವೇ ಅತಿ ಹೆಚ್ಚು ಫಲ ಕೊಡುತ್ತದೆ. ಅದು ನಡೆದಿದ್ದರೆ ಮಾತ್ರ ಎರಡನೇ ಮೆಟ್ಟಿಲಿನವರ ನೈಪುಣ್ಯಕ್ಕೆ ಕೆಲಸ ಮಾಡಲು ಒಂದು ಜೀವ ಉಳಿದಿರುತ್ತದೆ.

ಸಾಲು ಬೆಳೆದಾಗ

ಇನ್ನು ಮೂರನೇ ಮೆಟ್ಟಿಲು, ಆಸ್ಪತ್ರೆ. ನಮ್ಮಲ್ಲಿ ಬಹಳಷ್ಟು ಮಂದಿ ಸಾಫ್ಟ್‌ವೇರಿನವರು. ಮುಂದಿನ ಸರ್ವರ್ ಎಷ್ಟೇ ಚುರುಕಾಗಿದ್ದರೂ ಹಿಂದಿನ ಡೇಟಾಬೇಸ್ ನಿಧಾನವಾದರೆ ಸಾಲು ಬೆಳೆಯುತ್ತಲೇ ಹೋಗುವುದು ನಮಗೆ ದಿನನಿತ್ಯದ ಅನುಭವ. ಇಲ್ಲಿಯೂ ಅದೇ ಆಗಿದೆ.

2017ರಲ್ಲಿ ಇಂಗ್ಲೆಂಡಿನಲ್ಲಿ 999 ಕರೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. ಹೃದಯ ಸ್ತಂಭನದಂಥ ಮೊದಲ ವರ್ಗಕ್ಕೆ ಸರಾಸರಿ 7 ನಿಮಿಷ, ಎದೆನೋವು ಪಾರ್ಶ್ವವಾಯುಗಳಂಥ ಎರಡನೇ ವರ್ಗಕ್ಕೆ ಸರಾಸರಿ 18 ನಿಮಿಷದ ಗುರಿ. 2022ರ ಡಿಸೆಂಬರಿನಲ್ಲಿ ಎರಡನೇ ವರ್ಗದ ಸರಾಸರಿ ಇಂಗ್ಲೆಂಡಿನಲ್ಲಿ ಒಂದೂವರೆ ಗಂಟೆ ದಾಟಿತು! ಎದೆನೋವಿನ ರೋಗಿಗೆ ಒಂದೂವರೆ ಗಂಟೆ. ಅದೂ ಸರಾಸರಿ. ಸರಾಸರಿ ಎಂಬ ಅಂಕಿ ತನ್ನ ಬಾಲವನ್ನು ಮುಚ್ಚಿಡುತ್ತದೆ ಎಂಬುದು ನಮಗೆ ಗೊತ್ತಿದ್ದದ್ದೇ. ಅದಕ್ಕಿಂತ ಎಷ್ಟೋ ಹೆಚ್ಚು ಕಾದವರೂ ಇದ್ದರು. ನಂತರ ಪರಿಸ್ಥಿತಿ ಸುಧಾರಿಸಿದರೂ 2023ರಲ್ಲಿ ಸರ್ಕಾರ 18ರ ಬದಲು 30 ನಿಮಿಷದ ತಾತ್ಕಾಲಿಕ ಗುರಿ ಇಟ್ಟುಕೊಳ್ಳಬೇಕಾಯಿತು.

ಪ್ಯಾರಾಮೆಡಿಕ್‌ಗಳು ನಿಧಾನವಾದದ್ದು ಇದಕ್ಕೆ ಕಾರಣವಲ್ಲ. ವಾಸಿಯಾದ ವೃದ್ಧರನ್ನು ಮನೆಗೆ ಕಳಿಸಲು ಆರೈಕೆಯ ವ್ಯವಸ್ಥೆ ಇಲ್ಲ, ಆದ್ದರಿಂದ ಹಾಸಿಗೆ ಖಾಲಿಯಾಗದು. ಹಾಸಿಗೆ ಖಾಲಿಯಾಗದೆ ತುರ್ತು ವಿಭಾಗ ಖಾಲಿಯಾಗದು. ಅದು ಖಾಲಿಯಾಗದೆ ಆಂಬುಲೆನ್ಸುಗಳು ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ವರ್ಷಗಟ್ಟಲೆ ಓದಿ ಬಂದ ಪ್ಯಾರಾಮೆಡಿಕ್ ಕಾರಿಡಾರಿನಲ್ಲಿ ಸ್ಟ್ರೆಚರ್ ಹಿಡಿದು ಕಾಯುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ಕುಸಿದಿರುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಬಿಡಲೊಲ್ಲ ಎಂಬಂತಾಯಿತು.

ಹಣದ ಮಾತೂ ಇದೆ. ಅತಿ ಗಂಭೀರ ರೋಗಿಗಳಿಗೆ ಹಾರಿಬರುವ ಏರ್ ಆಂಬುಲೆನ್ಸ್ ನಡೆಯುವುದು ಬಹುಪಾಲು ಸಾರ್ವಜನಿಕರ ದೇಣಿಗೆಯಿಂದ. ನಾವೂ ಲಾಟರಿ ಚೀಟಿ ಕೊಂಡಿದ್ದೇವೆ, ಓಟಗಳಿಗೆ ಹಣ ಕೊಟ್ಟಿದ್ದೇವೆ. ಸರ್ಕಾರದ ಕಡತಗಳಿಗೆ ಕಾಯದೆ ಹೊಸ ಪ್ರಯೋಗ ಮಾಡುವ ಸ್ವಾತಂತ್ರ್ಯ ಚಾರಿಟಿಗಳಿಗಿದೆ ಎಂಬುದು ನಿಜ. ಆದರೂ ಸಾವು-ಬದುಕಿನ ನಡುವಿನ ಚಿಕಿತ್ಸೆ ಒಂದು ಪ್ರದೇಶದ ಜನರ ಕೊಡುಗೈಯನ್ನು ನೆಚ್ಚಿಕೊಂಡಿರುವುದು ಸರಿಯೇ ಎಂಬ ಪ್ರಶ್ನೆಯನ್ನು ತೆರಿಗೆ ಕಟ್ಟುವ ನಾವು ಕೇಳಲೇಬೇಕು.

ಮ್ಯಾಂಚೆಸ್ಟರ್ ಕಲಿಸಿದ್ದು

2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದ ಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ಸರ್ ಜಾನ್ ಸಾಂಡರ್ಸ್ ಅವರ ವಿಚಾರಣಾ ವರದಿ 2022ರ ನವೆಂಬರಿನಲ್ಲಿ ತುರ್ತು ಸೇವೆಗಳ ಪಾತ್ರವನ್ನು ಬಿಚ್ಚಿಟ್ಟಿತು. ಸ್ಫೋಟ ನಡೆದ ಕೊಠಡಿಯೊಳಗೆ ಹೋದ ಪ್ಯಾರಾಮೆಡಿಕ್‌ಗಳು ಮೂವರು ಮಾತ್ರ. ಉಳಿದವರು ಹೊರಗೇ ಉಳಿದರು. ಸತ್ತವರಲ್ಲಿ ಒಬ್ಬರಂತೂ ಸರಿಯಾದ ಹೊತ್ತಿಗೆ ಚಿಕಿತ್ಸೆ ಸಿಕ್ಕಿದ್ದರೆ ಬಹುಶಃ ಬದುಕುತ್ತಿದ್ದರು ಎಂದಿತು ವರದಿ. ಅವರ ಕಾಲಿಗೆ ಬೆಲ್ಟ್ ಬಿಗಿದು ರಕ್ತ ತಡೆಯಲು ಯತ್ನಿಸಿದವನು ಅಲ್ಲಿದ್ದ ಒಬ್ಬ ಸಾಮಾನ್ಯ ನಾಗರಿಕ.

ಗಾಯವಾದ ಕ್ಷಣಕ್ಕೂ ಪರಿಣತರು ತಲುಪುವ ಕ್ಷಣಕ್ಕೂ ನಡುವೆ ಉಳಿಯುವ ಅಂತರವನ್ನು ಆ ವರದಿ 'ಕೇರ್ ಗ್ಯಾಪ್' ಎಂದು ಕರೆದು, ಆ ಅಂತರವನ್ನು ತುಂಬಲು ಸಾರ್ವಜನಿಕರಿಗೂ ತರಬೇತಿ ಬೇಕೆಂದಿತು. ಎಷ್ಟೇ ಮುಂದುವರಿದ ವ್ಯವಸ್ಥೆಯಲ್ಲೂ ಈ ಅಂತರ ಪೂರ್ತಿ ಅಳಿಯುವುದಿಲ್ಲ. ಹೃದಯ ಸ್ತಂಭನವಾದರೆ ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಏಳೇ ನಿಮಿಷಕ್ಕೆ ಆಂಬುಲೆನ್ಸ್ ಬಂದರೂ ಲೆಕ್ಕ ಹಾಕಿ ನೋಡಿ...

ನಮ್ಮ ನಾಡಿನ ಕಡೆಗೊಮ್ಮೆ

ಕರ್ನಾಟಕದಲ್ಲಿ 108 'ಆರೋಗ್ಯ ಕವಚ' ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಹೆರಿಗೆ ನೋವು ಬಂದರೆ ಬಾಡಿಗೆ ಜೀಪು ಹುಡುಕಬೇಕಿದ್ದ ಕಾಲ ನಮಗೆ ನೆನಪಿದೆ. ಒಂದೇ ಸಂಖ್ಯೆಗೆ ಉಚಿತ ಗಾಡಿ, ಅದರಲ್ಲೊಬ್ಬ ತರಬೇತಾದ ಸಿಬ್ಬಂದಿ ಎಂಬುದೇ ದೊಡ್ಡ ಬದಲಾವಣೆ. 2015ರಲ್ಲಿ ಬೆಂಗಳೂರಿನ ಟ್ರಾಫಿಕ್ ಭೇದಿಸಲು ಬೈಕ್ ಆಂಬುಲೆನ್ಸುಗಳೂ ಬಂದವು. 2016ರಲ್ಲಿ, ಅಪಘಾತದಲ್ಲಿ ಸಾಯುತ್ತಲೇ ಕಣ್ಣು ದಾನ ಮಾಡಿದ ಯುವಕ ಹರೀಶ್ ಹೆಸರಿನಲ್ಲಿ, ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸಾ ವೆಚ್ಚ ಕೊಡುವ ಯೋಜನೆ ಆರಂಭವಾಯಿತು.

2021ರ ಅಕ್ಟೋಬರ್ 29ರಂದು ನಮ್ಮೆಲ್ಲರ ಅಪ್ಪು, ಪುನೀತ್ ರಾಜ್‌ಕುಮಾರ್, 46ನೇ ವಯಸ್ಸಿನಲ್ಲಿ ಹಠಾತ್ತನೆ ಅಗಲಿದಾಗ ಇಡೀ ಕನ್ನಡ ಲೋಕ ದಿಗ್ಭ್ರಮೆಗೊಂಡಿತು. ಸಮುದ್ರದಾಚೆಯ ನಾವೂ ಅತ್ತೆವು. ಅವರ ಹೆಸರಿನಲ್ಲಿ ಬಂದ 'ಹೃದಯ ಜ್ಯೋತಿ' ಯೋಜನೆಯ ತಿರುಳು ನಾವು ಇಲ್ಲಿ ಚರ್ಚಿಸುತ್ತಿರುವುದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು, ಅದನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡುವುದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ಆಮೇಲೆ ಮುಂದೆ ಕಳಿಸುವುದು. ರೋಗಿಯನ್ನು ಚಿಕಿತ್ಸೆಯ ಬಳಿಗೆ ಓಡಿಸುವ ಬದಲು ಚಿಕಿತ್ಸೆಯನ್ನೇ ರೋಗಿಯ ಬಳಿಗೆ ಒಯ್ಯುವುದು! ಬರ್ಮಿಂಗ್‌ಹ್ಯಾಮ್ ಆಗಲಿ ಬಾಗೇಪಲ್ಲಿ ಆಗಲಿ, ದಿಕ್ಕು ಒಂದೇ.

ನಾವು ಮಾಡಬಹುದಾದದ್ದು

ದಕ್ಷಿಣ ಏಷ್ಯಾದವರಲ್ಲಿ ಹೃದಯರೋಗವೂ ಸಕ್ಕರೆ ಕಾಯಿಲೆಯೂ ಹೆಚ್ಚು ಎಂಬುದು ತಿಳಿದ ವಿಷಯ. ಅದರ ಮೇಲೆ ಬೇಸಿಗೆ ಬಂತೆಂದರೆ ನಮ್ಮ ಮನೆಗಳಿಗೆ ಎಪ್ಪತ್ತು ದಾಟಿದ ಹಿರಿಯರು ಬಂದಿಳಿಯುತ್ತಾರೆ. ಆದ್ದರಿಂದ ಕೆಲವು ಮಾತು.

ಒಂದು: ಎದೆನೋವನ್ನು 'ಗ್ಯಾಸ್ಟ್ರಿಕ್' ಎಂದು ತಳ್ಳಿಹಾಕಬೇಡಿ. ಜೀರಿಗೆ ಕಷಾಯ ಮಾಡಿಕೊಟ್ಟು ಅರ್ಧ ಗಂಟೆ ಕಾದು ನೋಡುವ ನಮ್ಮ ಪದ್ಧತಿ ಎಷ್ಟೋ ಜೀವ ತೆಗೆದಿದೆ. ಎದೆ ಹಿಂಡಿದಂತಾಗಿ ನೋವು ಕೈಗೋ ದವಡೆಗೋ ಹರಡಿದರೆ, ಬೆವರಿದರೆ, ಕೂಡಲೇ 999.

ಎರಡು: "ಅಪ್ಪನಿಗೆ ಇಲ್ಲಿ ಎನ್‌ಎಚ್‌ಎಸ್ ಇಲ್ಲವಲ್ಲ" ಎಂದು ಹಿಂಜರಿಯಬೇಡಿ. ತುರ್ತು ವಿಭಾಗದ ಚಿಕಿತ್ಸೆಗೆ ಭೇಟಿಗೆ ಬಂದವರಿಂದಲೂ ಹಣ ಪಡೆಯುವುದಿಲ್ಲ. ಆದರೆ ವಾರ್ಡಿಗೆ ದಾಖಲಾದರೆ ಶುಲ್ಕ ಬೀಳುತ್ತದೆ, ಅದು ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಅದಕ್ಕಾಗಿಯೇ ಪ್ರವಾಸ ವಿಮೆ ಮಾಡಿಸಿ, ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ನಮೂದಿಸಿ. ಬಿಲ್ಲಿನ ಚಿಂತೆ ಆಮೇಲೆ, ಜೀವ ಮೊದಲು.

ಮೂರು: ನೀವು ಆಫೀಸಿನಲ್ಲಿದ್ದಾಗ ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ. 999, ಮನೆಯ ವಿಳಾಸ, ಪೋಸ್ಟ್‌ಕೋಡ್ ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕರೆ ಮಾಡುವುದನ್ನು ಒಮ್ಮೆ ಮಾತಿನಲ್ಲೇ ಅಭ್ಯಾಸ ಮಾಡಿಸಿ. ಕರೆ ತೆಗೆದವರು ಬಹಳ ಪ್ರಶ್ನೆ ಕೇಳುತ್ತಾರೆಂದು ಸಿಡಿಮಿಡಿಗೊಳ್ಳುವುದು ಬೇಡ. ಗಂಭೀರ ಪ್ರಕರಣವಾದರೆ ಮಾತಾಡುತ್ತಿರುವಾಗಲೇ ಗಾಡಿಯನ್ನು ಕಳಿಸಿರುತ್ತಾರೆ.

ನಾಲ್ಕು: ಅವರ ಮಾತ್ರೆಗಳ ಪಟ್ಟಿಯಲ್ಲಿ ಭಾರತದ ಬ್ರಾಂಡ್ ಹೆಸರಿನ ಪಕ್ಕ ಔಷಧಿಯ ಮೂಲ ಹೆಸರನ್ನೂ ಬರೆಯಿರಿ. ಇಕೋಸ್ಪ್ರಿನ್ ಎಂದರೆ ಇಲ್ಲಿನ ಪ್ಯಾರಾಮೆಡಿಕ್‌ಗೆ ತಿಳಿಯದೆ ಹೋಗಬಹುದು, ಆಸ್ಪಿರಿನ್ ಎಂದರೆ ತಿಳಿಯುತ್ತದೆ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು: ಸಿಪಿಆರ್ ಕಲಿಯಿರಿ. ಕುಸಿದುಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 999ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿ. ಎದೆಯ ನಡುವೆ ಎರಡೂ ಕೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಹೇಗೆಂದು ಫೋನಿನಲ್ಲೇ ಹೇಳಿಕೊಡುತ್ತಾರೆ, ಹತ್ತಿರದ ಡಿಫಿಬ್ರಿಲೇಟರ್ ಎಲ್ಲಿದೆ ಎಂದೂ ತಿಳಿಸುತ್ತಾರೆ. ಬ್ರಿಟಿಷ್ ಹಾರ್ಟ್ ಫೌಂಡೇಶನ್ನಿನ ಉಚಿತ ಆನ್‌ಲೈನ್ ಪಾಠಕ್ಕೆ ಬೇಕಾದದ್ದು ಒಂದು ಮೊಬೈಲ್, ಒಂದು ದಿಂಬು, 15 ನಿಮಿಷ. 2020ರಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಪಠ್ಯದಲ್ಲೇ ಇದು ಸೇರಿದೆ. ನಿಮ್ಮ ಮಗಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿದ್ದರೂ ಇರಬಹುದು, ಕೇಳಿ ನೋಡಿ!

ನಮ್ಮ ಕನ್ನಡ ಸಂಘಗಳಲ್ಲಿ ಹಿರಿಯ ವೈದ್ಯರಿಗೇನೂ ಕೊರತೆಯಿಲ್ಲ. ಬ್ರಿಟನ್ನಿನಲ್ಲಿ ಸಂಘ ಕಟ್ಟಿ ಬೆಳೆಸಿದವರಲ್ಲಿ ಬಹಳ ಮಂದಿ ಎನ್‌ಎಚ್‌ಎಸ್ ವೈದ್ಯರೇ. ಪ್ರತಿ ವರ್ಷ ಅಕ್ಟೋಬರ್ 16ರಂದು ಎಲ್ಲೆಡೆ 'ರೀಸ್ಟಾರ್ಟ್ ಎ ಹಾರ್ಟ್' ದಿನ ಆಚರಿಸುತ್ತಾರೆ. ಅದಾದ ಎರಡೇ ವಾರಕ್ಕೆ ನಮ್ಮ ರಾಜ್ಯೋತ್ಸವ. ಭಾಷಣಗಳಲ್ಲಿ ಅರ್ಧ ಗಂಟೆ ಉಳಿಸಿ, ಊಟಕ್ಕೆ ಮುಂಚೆ ಎಲ್ಲರೂ ಒಂದೊಂದು ದಿಂಬು ಹಿಡಿದು ಕೂತರೆ ಆಗದೇ? ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಹಿರಿಯರು ನಕ್ಕದ್ದು ಇಂಥದ್ದಕ್ಕೇ.

ಯಾವ ಪ್ಯಾರಾಮೆಡಿಕ್ ಬರುತ್ತಾರೆ, ಆಸ್ಪತ್ರೆಯಲ್ಲಿ ಸಾಲು ಎಷ್ಟಿದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಮತ ಹಾಕಬಹುದು, ದನಿ ಎತ್ತಬಹುದು, ದೇಣಿಗೆ ಕೊಡಬಹುದು. ಆದರೆ ಮೊದಲ ಮೆಟ್ಟಿಲು ಮಾತ್ರ ಪೂರ್ತಿ ನಮ್ಮದೇ. ಮನೆಯಲ್ಲಿ ಯಾರಾದರೂ ಕುಸಿದಾಗ ಮೊದಲು ತಲುಪುವವರು ನಾವೇ ಅಲ್ಲವೇ? ಏನಂತೀರಿ?